ನಾಲ್ಕು ತಾಲ್ಲೂಕಿನ ಬಾಯಿಗಳು ಫಿನ್‌ಲೆಂಡಿಗೆ ಹೋದದ್ದು

ಹೆಲ್ಸಿಂಕಿ ವಿಮಾನ ನಿಲ್ದಾಣ

ಪರದೇಶಕ್ಕೆ ಹೋಗಿ ಬಂದವರು ಸಾಮಾನ್ಯವಾಗಿ ಅಲ್ಲಿನ ಚಳಿಯಿಂದ ಶುರು ಮಾಡುತ್ತಾರೆ. ನನಗೆ ಡಾಕ್ಟರ್ ತಿಪ್ಪೇಸ್ವಾಮಿಯವರ ಬ್ಯಾಗಿನಿಂದ ಶುರು ಮಾಡದೆ ಬೇರೆ ದಾರಿಯಿಲ್ಲ. ಫಿನ್‌ಲೆಂಡಿನ ನೆಲದ ಮೇಲೆ ನಮ್ಮ ಮೊದಲ ಒಂದು ಗಂಟೆ ಕಳೆದದ್ದು ಆ ಬ್ಯಾಗಿನ ಮುಂದೆಯೇ.

ತಿಪ್ಪೇಸ್ವಾಮಿಯವರು ಜಗಳೂರಿನವರು, ದಾವಣಗೆರೆಯಲ್ಲಿ ಹಲ್ಲಿನ ಡಾಕ್ಟರು. ನಾನು ಚನ್ನಗಿರಿಯವಳು, ಅದೇ ದಾವಣಗೆರೆಯ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಪಾಠ ಹೇಳುತ್ತೇನೆ. ಅವರು ಜನರ ಬಾಯಿ ನೋಡುತ್ತಾರೆ, ನಾನು ಆ ಬಾಯಿಗಳ ಲೆಕ್ಕ ಇಡುತ್ತೇನೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಊರೂರಿಗೆ ಹೋಗುವ ಬಾಯಿ ತಪಾಸಣೆ ವ್ಯಾನೊಂದಿದೆ. ನಾವಿಬ್ಬರೂ ಅದಕ್ಕೆ ಅಂಟಿಕೊಂಡವರು. ಆ ವ್ಯಾನಿನ ಲೆಕ್ಕ ತೆಗೆದುಕೊಂಡು ತಾಂಪೆರೆ ಎಂಬ ಊರಿನ ವಿಶ್ವವಿದ್ಯಾಲಯಕ್ಕೆ ಹೊರಟಿದ್ದೆವು.

ಕಸ್ಟಮ್ಸಿನ ಹುಡುಗಿ ಬ್ಯಾಗಿನ ಜಿಪ್ಪು ಎಳೆದಳು. ಮೇಲೆ ಶೇಂಗಾ ಚಟ್ನಿಪುಡಿ, ಅದರ ಕೆಳಗೆ ಟವಲಿನಲ್ಲಿ ಸುತ್ತಿದ ಪ್ಲಾಸ್ಟರಿನ ದವಡೆಗಳು, ದವಡೆಗಳ ನಡುವೆ ಒಂದು ಪೊಟ್ಟಣ ಅಡಿಕೆ.

"ಇದು ತಿನ್ನುವ ಪದಾರ್ಥವೇ?" ಎಂದು ಕೇಳಿದಳು.

"ತಿನ್ನಬಾರದ ಪದಾರ್ಥ," ಎಂದರು ತಿಪ್ಪೇಸ್ವಾಮಿ.

"ಹಾಗಾದರೆ ಏಕೆ ತಂದಿರಿ?"

"ತಿಂದರೆ ಏನಾಗುತ್ತದೆ ಎಂದು ತೋರಿಸಲು."

ಆ ಹುಡುಗಿ ಒಮ್ಮೆ ಅಡಿಕೆಯನ್ನೂ ಒಮ್ಮೆ ದವಡೆಗಳನ್ನೂ ನೋಡಿದಳು. "ಇವು ತಿಂದವರವೇ?" ಎಂದಳು. ಅವಳ ಮುಖದಲ್ಲಿ ನಗುವಿನ ಸುಳಿವೂ ಇರಲಿಲ್ಲ. ಆ ದೇಶದಲ್ಲಿ ತಮಾಷೆ ಮಾಡುವವರೂ ಹಾಗೆಯೇ ಇರುತ್ತಾರೆಂದು ಗೊತ್ತಾಗಲು ನನಗೆ ವಾರವೇ ಬೇಕಾಯಿತು. ಕೊನೆಗೆ ಅಡಿಕೆ ಅಲ್ಲೇ ಉಳಿಯಿತು, ದವಡೆಗಳು ಒಳಗೆ ಬಂದವು. ಚಟ್ನಿಪುಡಿಯನ್ನು ಅವಳು ಮೂಸಿ ನೋಡಿ ಎರಡು ಸಲ ಸೀನಿ ನಮ್ಮನ್ನು ಕಳಿಸಿಕೊಟ್ಟಳು.

ಇನ್ನು ನಾವು ಹೋದ ಕೆಲಸ. ನಮ್ಮ ಕಡೆ ಎಲೆಅಡಿಕೆ, ತಂಬಾಕು ಹಾಕುವವರ ಕೆನ್ನೆಯ ಒಳಗೆ ಬಿಳಿ ಮಚ್ಚೆ ಕಾಣಿಸಿಕೊಳ್ಳುವುದುಂಟು. ಅದರಲ್ಲಿ ಕೆಲವು ಕ್ಯಾನ್ಸರಿಗೆ ತಿರುಗುತ್ತವೆ, ಕೆಲವು ಚಟ ಬಿಟ್ಟರೆ ತಾವಾಗಿಯೇ ಹೋಗುತ್ತವೆ. ಯಾವುದು ಎತ್ತ ತಿರುಗೀತು ಎಂದು ಮುಂಚೆ ಹೇಳಲಾಗದು, ಮತ್ತೆ ಮತ್ತೆ ನೋಡುತ್ತಿರಬೇಕು. ಎಷ್ಟು ದಿನಕ್ಕೊಮ್ಮೆ ನೋಡಬೇಕು ಎಂಬುದೇ ಪ್ರಶ್ನೆ. ವ್ಯಾನು ಎರಡು ಸುತ್ತು ಮುಗಿಸಿತ್ತು. ಮೂರನೆಯ ಸುತ್ತು ಮುಂದಿನ ವರ್ಷವೇ ಬರಬೇಕೋ, ಮೂರು ವರ್ಷ ಬಿಟ್ಟು ಬಂದರೆ ಸಾಕೋ? ವ್ಯಾನು ನಡೆಸುವ ಸಮಿತಿಯವರು ಅದನ್ನು ಲೆಕ್ಕದ ಮೇಲೆ ಬಿಟ್ಟಿದ್ದರು. ತಾಂಪೆರೆಯಲ್ಲಿ ನಮ್ಮ ಕೊನೆಯ ಸೋಮವಾರ ವಿಡಿಯೊದಲ್ಲಿ ಉತ್ತರ ಹೇಳಬೇಕಿತ್ತು.

ನನಗೆ ಇದರಲ್ಲಿ ಸ್ವಂತದ್ದೂ ಸ್ವಲ್ಪ ಇತ್ತು. ನ್ಯಾಮತಿಯಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ನನ್ನ ಸೋದರಮಾವ ರುದ್ರಪ್ಪನವರ ಕೆನ್ನೆಯಲ್ಲಿ ಮೊದಲ ಸುತ್ತಿನಲ್ಲೇ ಮಚ್ಚೆ ಕಂಡಿತ್ತು. ನನಗೆ ಅಪ್ಪನಿಗಿಂತ ಹೆಚ್ಚು ಸಲಿಗೆ ಇರುವವರು ಅವರು. ಎರಡನೆಯ ಸುತ್ತು ಮುಗಿದ ದಿನ ಫೋನು ಮಾಡಿ, "ಏನೂ ಇಲ್ಲ ಅಂದ್ರು ಕಣವ್ವ, ಇನ್ನ ಆ ಚಿಂತಿ ಬಿಡು," ಎಂದಿದ್ದರು. ನಾನು ಬಿಟ್ಟಿದ್ದೆ.

ತಾಂಪೆರೆಯ ಬಸ್ ಸ್ಟಾಪು

ತಾಂಪೆರೆ ಎರಡು ದೊಡ್ಡ ಕೆರೆಗಳ ನಡುವೆ ಇರುವ ಊರು. ಕೆರೆ ಎಂದರೆ ನಾವು ತಿಳಿದಂತೆ ಏರಿ ಕಟ್ಟಿ ನಿಲ್ಲಿಸಿದ್ದಲ್ಲ. ಆಚೆ ದಡ ಕಾಣದಷ್ಟು ನೀರು, ಅದೂ ಆಗಸ್ಟ್ ತಿಂಗಳಲ್ಲಿ ಯಾರ ಹಂಗೂ ಇಲ್ಲದೆ ಬಿದ್ದುಕೊಂಡಿರುತ್ತದೆ. ರೈಲಿನ ಕಿಟಕಿಯಿಂದ ಒಂದರ ಹಿಂದೆ ಒಂದು ಕೆರೆ ಹೋಗುತ್ತಿದ್ದಂತೆ ಜಗಳೂರಿನ ತಿಪ್ಪೇಸ್ವಾಮಿಯವರಿಗೆ ನಿಜಕ್ಕೂ ಸಿಟ್ಟು ಬಂತು.

"ನೋಡ್ರಿ ಮೇಡಂ, ನಮ್ಮೂರಾಗೆ ಒಂದು ಕೆರಿ ತುಂಬಿದ್ರೆ ಬಾಗಿನ ಬಿಡಾಕೆ ಊರೇ ಹೋಗ್ತೈತಿ. ಇಲ್ಲಿ ನೋಡಿದ್ರೆ ಯಾರೂ ತಿರುಗೇ ನೋಡವಲ್ರು."

"ನೋಡಿ ನೋಡಿ ಸಾಕಾಗಿರಬೇಕು ಡಾಕ್ಟ್ರೇ."

"ಸಾಕಾಗಿದ್ರೆ ಎರಡು ನಮ್ಗೆ ಕೊಡ್ಲಿ," ಎಂದು ಅವರು ಕಿಟಕಿಯ ಪರದೆ ಎಳೆದುಬಿಟ್ಟರು.

ಮಾರನೆಯ ಬೆಳಿಗ್ಗೆ ಬಸ್ ಸ್ಟಾಪಿನಲ್ಲಿ ಇನ್ನೊಂದು ಪಾಠವಾಯಿತು. ಸಣ್ಣಗೆ ಮಳೆ ಹನಿಯುತ್ತಿತ್ತು. ಸ್ಟಾಪಿನ ಮಾಡಿನ ಕೆಳಗೆ ಒಬ್ಬ ಮುದುಕರು ನಿಂತಿದ್ದರು. ಐದಾರು ಜನ ಒಬ್ಬರಿಂದೊಬ್ಬರು ಒಂದು ಎಮ್ಮೆ ಹಾಯುವಷ್ಟು ಜಾಗ ಬಿಟ್ಟು ಹೊರಗೆ ನೆನೆಯುತ್ತ ನಿಂತಿದ್ದರು. ತಿಪ್ಪೇಸ್ವಾಮಿಯವರು ಪಾಪ, ಮುದುಕರಿಗೆ ಬೇಸರವಾದೀತೆಂದು ಪಕ್ಕಕ್ಕೇ ಹೋಗಿ ನಿಂತರು. ಮುದುಕರು ಒಂದು ಹೆಜ್ಜೆ ಸರಿದರು. ಜಾಗ ಕೊಟ್ಟರೆಂದು ಇವರೂ ಒಂದು ಹೆಜ್ಜೆ ಸರಿದರು. ಹೀಗೆ ಸರಿಯುತ್ತ ಸರಿಯುತ್ತ ಆ ಮುದುಕರು ಮಾಡಿನಿಂದ ಆಚೆ ಹೋಗಿ ಮಳೆಯಲ್ಲಿ ನಿಂತರು. ಇವರು ಛತ್ರಿ ಬಿಚ್ಚಿಕೊಂಡು ಅಲ್ಲಿಗೂ ಹೋದರು. ನಾನು ಅಂಗಿಯ ತುದಿ ಹಿಡಿದು ಎಳೆದುಕೊಂಡು ಬಂದೆ.

ನಮ್ಮ ಹೊನ್ನಾಳಿ ಬಸ್ ಸ್ಟ್ಯಾಂಡ್ ನೆನಪಾಗದೆ ಇದ್ದೀತೇ? ಬಸ್ಸು ಇನ್ನೂ ತಿರುಗುತ್ತಿರುವಾಗಲೇ ಕಿಟಕಿಯಿಂದ ಟವಲು, ಕೈಚೀಲ, ಕೆಲವು ಸಲ ಕೈಕೂಸು ಕೂಡ ಒಳಗೆ ಹೋಗಿ ಸೀಟು ಹಿಡಿಯುತ್ತವೆ. ಮೂವರ ಸೀಟಿನಲ್ಲಿ ನಾಲ್ವರು ಕೂತು, ದಾವಣಗೆರೆ ಬರುವಷ್ಟರಲ್ಲಿ ಪಕ್ಕದವರ ಮಗಳಿಗೆ ಯಾವ ಊರಿನ ಸಂಬಂಧ ಬಂದಿದೆ, ಏಕೆ ತಪ್ಪಿತು ಎಂಬುದೆಲ್ಲ ನಮಗೆ ಗೊತ್ತಾಗಿರುತ್ತದೆ. ತಾಂಪೆರೆಯ ಬಸ್ಸಿನಲ್ಲಿ ಎರಡು ವಾರ ಓಡಾಡಿದೆ, ಯಾರ ಮಗಳ ವಿಷಯವೂ ತಿಳಿಯಲಿಲ್ಲ.

ಐನೋ ಅವರ ಕೋಣೆ

ನಮ್ಮನ್ನು ಕರೆಸಿದ್ದ ಪ್ರೊಫೆಸರರ ಹೆಸರು ಐನೋ. ಅರವತ್ತರ ಆಚೀಚೆಯ ಹೆಂಗಸು, ಕತ್ತರಿಸಿದ ಬಿಳಿ ಕೂದಲು, ನಮ್ಮ ಮಾತು ಮುಗಿದ ಮೇಲೂ ಇನ್ನೇನಾದರೂ ಇದೆಯೇನೋ ಎಂದು ಸ್ವಲ್ಪ ಹೊತ್ತು ಕಾಯುವ ಅಭ್ಯಾಸ. ಆ ಮೌನಕ್ಕೆ ಹೆದರಿ ನಾವು ಮತ್ತೆ ಮಾತಾಡುತ್ತಿದ್ದೆವು, ಅವರು ಮತ್ತೆ ಕಾಯುತ್ತಿದ್ದರು. ಮೊದಲ ದಿನ ಹೀಗೆಯೇ ನನ್ನ ಮದುವೆಯ ಕಥೆಯವರೆಗೂ ಹೇಳಿಬಿಟ್ಟೆ.

ಅವರಿಗೆ ನಾವು ಚಟ್ನಿಪುಡಿ ಕೊಟ್ಟೆವು, ಅವರು ನಮಗೆ ಸಾಲ್ಮಿಯಾಕ್ಕಿ ಎಂಬ ಕಪ್ಪು ಮಿಠಾಯಿ ಕೊಟ್ಟರು. ಮಿಠಾಯಿ ಎಂದರೆ ಸಿಹಿ ಎಂದು ತಿಳಿದು ಬಾಯಿಗೆ ಹಾಕಿಕೊಂಡರೆ ಉಪ್ಪು, ಒಗರು, ಮೇಲೆ ಔಷಧದ ಘಾಟು. ಆ ದೇಶದವರು ಅದನ್ನು ಜೇಬಿನಲ್ಲಿಟ್ಟುಕೊಂಡು ದಿನವಿಡೀ ಮೆಲ್ಲುತ್ತಾರೆ. ತಿಪ್ಪೇಸ್ವಾಮಿಯವರು ಉಗುಳಲಾರದೆ ನುಂಗಲಾರದೆ ಕಣ್ಣಲ್ಲಿ ನೀರು ತಂದುಕೊಂಡು, "ಇದಕ್ಕಿಂತ ನಮ್ಮ ಅಡಿಕೇನೇ ವಾಸಿ ರೀ," ಎಂದರು. ಅಡಿಕೆಯ ವಿರುದ್ಧ ಇಪ್ಪತ್ತು ವರ್ಷ ಭಾಷಣ ಮಾಡಿದವರ ಬಾಯಲ್ಲಿ ಆ ಮಾತು ಕೇಳುವ ಭಾಗ್ಯ ನನ್ನದಾಯಿತು.

ಆ ದೇಶದಲ್ಲಿ ಪ್ರತಿಯೊಬ್ಬರಿಗೂ ಹುಟ್ಟಿದಾಗಲೇ ಒಂದು ನಂಬರು ಅಂಟುತ್ತದೆ. ಯಾವ ದಿನ ಯಾವ ತಪಾಸಣೆಯಾಯಿತು, ಏನು ಕಂಡಿತು, ಎಲ್ಲವೂ ಆ ನಂಬರಿನ ಹಿಂದೆ ಸಾಲಾಗಿ ನಿಲ್ಲುತ್ತದೆ. ಐನೋ ತಮ್ಮದನ್ನೇ ಕಂಪ್ಯೂಟರಿನಲ್ಲಿ ತೆರೆದು, ಶಾಲೆಯಲ್ಲಿದ್ದಾಗ ಹಲ್ಲು ತೋರಿಸಿದ ವಿವರದಿಂದ ಹಿಡಿದು ನಮಗೆ ತೋರಿಸಿದರು. ನಂತರ ನಮ್ಮದನ್ನು ತೆರೆದೆವು. "ಎಲೆಅಡಿಕೆ ಯಾವಾಗಿನಿಂದ ಹಾಕುತ್ತೀರಿ?" ಎಂಬ ಪ್ರಶ್ನೆಗೆ ನಮ್ಮವರು ಕೊಟ್ಟ ಉತ್ತರಗಳನ್ನು ನಾನು ಇಂಗ್ಲಿಷಿಗೆ ತಿರುಗಿಸಿದೆ: ದೊಡ್ಡ ಮಗ ಹುಟ್ಟಿದ ಮೇಲೆ. ನಾಲೆಗೆ ನೀರು ತಡವಾಗಿ ಬಿಟ್ಟ ವರ್ಷ. ಅತ್ತೆ ತೀರಿಕೊಂಡ ಮೇಲೆ ಧೈರ್ಯವಾಗಿ. ಒಬ್ಬರಂತೂ, ನಿಮ್ಮಪ್ಪನ್ನ ಕೇಳು, ಅವನೇ ಕಲಿಸಿದ್ದು ಎಂದಿದ್ದರು.

ನನಗೆ ನಾಚಿಕೆಯಾಗುತ್ತಿತ್ತು. ಐನೋ ಮಾತ್ರ ಕನ್ನಡಕ ಸರಿಮಾಡಿಕೊಂಡು, "ದೊಡ್ಡ ಮಗನಿಗೆ ಈಗ ಎಷ್ಟು ವಯಸ್ಸು?" ಎಂದರು. ಇಂಥ ತೂತು ಬಿದ್ದ ಚರಿತ್ರೆಗಳಿಂದ ಉತ್ತರ ತೆಗೆಯುವುದೇ ಅವರ ವಿದ್ಯೆ.

ಆ ವಿದ್ಯೆಯನ್ನು ನಮ್ಮ ಊರಿನ ಮಾತಿನಲ್ಲಿ ಹೇಳಿಬಿಡುತ್ತೇನೆ. ಚನ್ನಗಿರಿಯಲ್ಲಿ ಅಡಿಕೆ ತೋಟದ ಫಸಲನ್ನು ಗುತ್ತಿಗೆ ಹಿಡಿದ ಖೇಣಿದಾರ ದಿನಾ ತೋಟಕ್ಕೆ ಹೋಗುವುದಿಲ್ಲ. ಒಮ್ಮೆ ಹೋದಾಗ ಕಾಯಿ ಇನ್ನೂ ಎಳೆಯದು. ಮತ್ತೊಮ್ಮೆ ಹೋಗುವುದು ತಡವಾದರೆ ಹಣ್ಣಾಗಿ ಬೆಲೆ ಕಡಿಮೆಯ ಗೋಟಾಗಿರುತ್ತದೆ. ನಡುವೆ ಯಾವ ದಿನ ಬಲಿಯಿತೋ ಕಂಡವರಿಲ್ಲ. ಆದರೂ ಹತ್ತಾರು ತೋಟ ನೋಡಿದವನು, ಇಂಥ ತೋಟಕ್ಕೆ ಇಷ್ಟು ದಿನ ಬಿಟ್ಟು ಹೋದರೆ ಕೈತಪ್ಪುವುದಿಲ್ಲ ಎಂದು ಅಂದಾಜು ಮಾಡುತ್ತಾನೆ. ಐನೋ ಅವರ ಕಂಪ್ಯೂಟರ್ ಬಾಯಿಗಳ ವಿಷಯದಲ್ಲಿ ಮಾಡುವುದೂ ಅದನ್ನೇ. ನೋಡಿದ್ದು ಎರಡೇ ಸಲ, ನಡುವಿನದ್ದು ಕತ್ತಲು. ಆ ಕತ್ತಲಲ್ಲಿ ಏನೇನು ಆಗಿರಬಹುದೆಂದು ಸಾವಿರಾರು ರೀತಿ ಊಹಿಸಿ, ಯಾವ ಊಹೆಗೆ ಎಷ್ಟು ಬೆಲೆ ಎಂದು ತೂಗಿ, ಮುಂದೆ ಯಾವಾಗ ನೋಡಬೇಕೆಂದು ಹೇಳುತ್ತದೆ.

ಎರಡನೆಯ ವಾರದ ಬುಧವಾರ ಅದು ಹೇಳಿತು. ಐನೋ ಪರದೆಯಿಂದ ತಲೆಯೆತ್ತಿ, "ನಿಮ್ಮ ಊರಿನ ಬಾಯಿಗಳು ವಾಸಿಯಾಗುತ್ತಿವೆ," ಎಂದರು.

ಚನ್ನಗಿರಿ, ಹೊನ್ನಾಳಿ, ನ್ಯಾಮತಿಗಳಲ್ಲಿ ಮೊದಲ ಸುತ್ತಿನಲ್ಲಿ ಮಚ್ಚೆ ಇದ್ದ ಎಷ್ಟೋ ಬಾಯಿಗಳು ಎರಡನೆಯ ಸುತ್ತಿಗೆ ಕನ್ನಡಿಯಂತೆ ಆಗಿದ್ದವು. ಪುಸ್ತಕದಲ್ಲಿ ಹೇಳುವುದಕ್ಕಿಂತ ಎಷ್ಟೋ ಹೆಚ್ಚು. ಜಗಳೂರಿನಲ್ಲಿ ಮಾತ್ರ ಮಚ್ಚೆ ಇದ್ದವರಿಗೆ ಹೆಚ್ಚಾಗಿ ಮಚ್ಚೆ ಹಾಗೇ ಇತ್ತು. ಒಟ್ಟು ಲೆಕ್ಕ ಹಾಕಿದರೆ ಅವಸರವಿಲ್ಲ, ಮೂರು ವರ್ಷ ಬಿಟ್ಟು ವ್ಯಾನು ಬಂದರೆ ಸಾಕು.

"ಭದ್ರಾ ನೀರಿನ ಗುಣ ಇರಬಹುದು, ಜಗಳೂರಿಗೆ ಅದು ಹೋಗುವುದಿಲ್ಲ," ಎಂದೆ ನಾನು, ಚನ್ನಗಿರಿಯವಳಾಗಿ. ಐನೋ ಅದನ್ನೂ ಬರೆದುಕೊಂಡರು. ಇದೊಂದು ದೊಡ್ಡ ಪ್ರಬಂಧವಾಗುತ್ತದೆ ಎಂದು ಇಬ್ಬರಿಗೂ ಆಸೆ ಚಿಗುರಿತ್ತು. ವಾಸಿಯಾದ ಬಾಯಿಗಳಲ್ಲಿ ನನ್ನ ಮಾವನದೂ ಒಂದು ಎಂದು ನೆನೆದು ಖುಷಿಯಾಗಿ ಆ ದಿನ ಅವರ ಕ್ಯಾಂಟೀನಿನ ಅನ್ನದ ಕಡುಬನ್ನು ಎರಡು ತಿಂದೆ.

ಸಂಕಟವಾದದ್ದು ತಿಪ್ಪೇಸ್ವಾಮಿಯವರಿಗೆ. ಮಿಕ್ಕ ತಾಲ್ಲೂಕುಗಳಲ್ಲಿ ಹೊಸ ಡಾಕ್ಟರುಗಳು ನೋಡಿದ್ದರು, ಜಗಳೂರು ಮಾತ್ರ ತಮ್ಮೂರೆಂದು ಎರಡೂ ಸುತ್ತು ಇವರೇ ನೋಡಿದ್ದರು.

"ಅಂದ್ರೆ ನಾ ನೋಡಿದ್ ಬಾಯಿ ಮಾತ್ರ ವಾಸಿ ಆಗಲ್ಲ ಅಂತೀರಾ?"

"ನಾನಲ್ಲ ಡಾಕ್ಟ್ರೇ, ಲೆಕ್ಕ."

"ಲೆಕ್ಕಕ್ಕೇನ್ ಗೊತ್ತೈತಿ ರೀ ಜಗಳೂರು?" ಎಂದು ಬ್ಯಾಗು ಹೆಗಲಿಗೇರಿಸಿ ಹೋದರು.

ಕೆರೆ ದಂಡೆಯ ಸೌನಾ

ಮನಸ್ಸಿಗೆ ಬೇಸರವಾದರೆ ಆ ದೇಶದವರು ಸೌನಾಕ್ಕೆ ಹೋಗುತ್ತಾರೆ. ಸಂತೋಷವಾದರೂ ಅಲ್ಲಿಗೇ. ಕಟ್ಟಿಗೆಯ ಕೋಣೆ, ಕಾದ ಕಲ್ಲು, ಕಲ್ಲಿನ ಮೇಲೆ ನೀರು ಚೆಲ್ಲಿದರೆ ಏಳುವ ಬಿಸಿ ಹಬೆ. ಬೆಂದು ಹೊರಗೆ ಬಂದು ತಣ್ಣನೆಯ ಕೆರೆಗೆ ಹಾರಬೇಕು. ನಮ್ಮಲ್ಲಿ ಬಾಣಂತಿಯರಿಗೆ ಬಿಟ್ಟು ಬೇರೆಯವರಿಗೆ ಇಷ್ಟು ಕಾಯಿಸುವ ಪದ್ಧತಿ ಇಲ್ಲ.

ಶುಕ್ರವಾರ ಸಂಜೆ ನಾವಿಬ್ಬರೂ ಹೋದೆವು. ಹೆಂಗಸರ ಕಡೆ ನಾನು ಕೆಳಗಿನ ಮೆಟ್ಟಿಲಲ್ಲಿ ಸೀರೆಯಿಲ್ಲದ ಸಂಕೋಚಕ್ಕೇ ಅರ್ಧ ಬೆಂದು ಬೇಗ ಹೊರಗೆ ಬಂದೆ. ತಿಪ್ಪೇಸ್ವಾಮಿಯವರು ಗಂಡಸರ ಕಡೆ ಜಗಳೂರಿನ ಬಿಸಿಲಿನ ಮೇಲೆ ಭರವಸೆ ಇಟ್ಟು ನೇರ ಮೇಲಿನ ಮೆಟ್ಟಿಲಿಗೆ ಹೋದರಂತೆ. ಪಕ್ಕದವನು ನೀರು ಚೆಲ್ಲುತ್ತಲೇ ಇದ್ದನಂತೆ. ಮೊದಲು ಎದ್ದವರು ಸೋತಂತೆ ಎಂದು ಇವರೇ ತೀರ್ಮಾನಿಸಿಕೊಂಡು ಕೂತರಂತೆ. ಆಮೇಲೆ ನಾನು ಕಂಡದ್ದಿಷ್ಟು: ಕೆಂಪಗೆ ಕಾದ ಒಬ್ಬ ದಂತವೈದ್ಯರು ಬಾಗಿಲು ತಳ್ಳಿಕೊಂಡು ಹೊರಬಂದು, ಮರದ ಅಟ್ಟಣೆಯ ಮೇಲೆ ಓಡಿ, ಕೆರೆಗೆ ಬಿದ್ದರು. ಬಿದ್ದ ಕೂಡಲೇ ಅವರ ಬಾಯಿಂದ ಹೊರಟ ಕೂಗು ಆ ಮೌನದ ದೇಶದ ಆಚೆ ದಡದವರೆಗೂ ಹೋಗಿರಬೇಕು.

ಶನಿವಾರ ಬೆಳಿಗ್ಗೆ ಅವರಿಗೆ ನೆಗಡಿ, ಕೆಮ್ಮು, ಮೈಕೈ ನೋವು.

ಐನೋ ಅವರ ಮನೆ

ಆ ಶನಿವಾರವೇ ಐನೋ ನಮ್ಮನ್ನು ಊಟಕ್ಕೆ ಕರೆದಿದ್ದರು. ಅಲ್ಲಿ ಸಂಜೆ ಐದಕ್ಕೇ ಊಟ, ನಮ್ಮಲ್ಲಿ ಕಾಫಿಗೆ ಇಡುವ ಹೊತ್ತು. ತಿಪ್ಪೇಸ್ವಾಮಿಯವರ ಬಾಗಿಲು ತಟ್ಟಿದೆ. ಕಂಬಳಿಯ ಒಳಗಿಂದಲೇ ಹೇಳಿದರು, "ನೀವು ಹೋಗ್ಬನ್ರಿ ಮೇಡಂ. ನಮ್ ಕಡಿಂದ ಒಬ್ರು ಹೋದ್ರೆ ಮುಗೀತಲ್ಲ."

ನನಗೂ ಅದು ಸರಿಯೇ ಅನ್ನಿಸಿತು. ಹೇಳಿ ಕಳಿಸಬೇಕು ಎಂದು ಕೂಡ ತೋಚಲಿಲ್ಲ.

ಐನೋ ಮನೆಯ ಬಾಗಿಲಲ್ಲಿ ಚಪ್ಪಲಿ ಬಿಡಬೇಕು. ಅಷ್ಟಕ್ಕೇ ಆ ಮನೆ ನನಗೆ ನಮ್ಮ ಮನೆಯಂತಾಯಿತು. ಮೇಜಿನ ಮೇಲೆ ಮೂರು ತಟ್ಟೆ, ಒಂದೊಂದರ ಮುಂದೆ ಬಣ್ಣದ ಕಾಗದದಲ್ಲಿ ಹೆಸರು. ಎಳೆ ಆಲೂಗಡ್ಡೆ ಬೇಯಿಸಿ ಸಬ್ಬಸಿಗೆ ಸೊಪ್ಪು ಉದುರಿಸಿದ್ದರು. ಸಬ್ಬಸಿಗೆಯ ವಾಸನೆ ಬಂದದ್ದೇ ನನಗೆ ಸಂತೆಯೇ ಕಣ್ಮುಂದೆ ಬಂತು. ಕಾಡಿನಿಂದ ತಾವೇ ಆರಿಸಿ ತಂದ ನೀಲಿ ಹಣ್ಣಿನ ಕಡುಬೂ ಇತ್ತು. ಐನೋ ನನ್ನ ಹಿಂದೆ ಬಾಗಿಲತ್ತ ನೋಡುತ್ತ ನಿಂತರು.

"ತಿಪ್ಪೇಸ್ವಾಮಿ?"

"ಬರಲಿಲ್ಲ. ನೆಗಡಿ. ನಾನು ಬಂದಿದ್ದೇನಲ್ಲ."

ಐನೋ ಕಾದರು. ನಾನೂ ಕಾದೆ.

"ನೀವು ಬಂದದ್ದು ನೀವು ಬಂದಂತಾಯಿತು," ಎಂದರು ನಿಧಾನವಾಗಿ. "ಅವರು ಬಂದದ್ದು ಹೇಗಾಯಿತು?"

ನನಗೆ ನಗು ಬಂತು. ಕೂತು ವಿವರಿಸತೊಡಗಿದೆ. ನಮ್ಮ ಕಡೆ ಕರೆಯುವಾಗ ಮನೆಮಂದಿಯೆಲ್ಲ ಬನ್ನಿ ಎಂದೇ ಕರೆಯುತ್ತಾರೆ. ಹೋಗುವುದು ಒಬ್ಬರು. ಆ ಒಬ್ಬರು ಹೋದರೆ ಇಡೀ ಮನೆ ಹೋದಂತೆ, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಒಬ್ಬರೂ ಹೋಗದಿದ್ದರೆ ಮಾತ್ರ ಜನ್ಮವಿಡೀ ಮಾತು ಬಿಡುತ್ತಾರೆ. ಇಲ್ಲಿಗೆ ಬಂದ ಮೇಲೆ ನಾನೂ ತಿಪ್ಪೇಸ್ವಾಮಿಯವರೂ ಒಂದೇ ಮನೆ ಇದ್ದಂತೆ ತಾನೆ?

ಐನೋ ಅವರಿಗೆ ಇದು ಬಹಳ ಹಿಡಿಸಿತು. "ಯಾವುದಕ್ಕೆಲ್ಲ ಹೀಗೆ?" ಎಂದು ಕೇಳಿದರು.

"ಎಲ್ಲಕ್ಕೂ," ಎಂದೆ ಹೆಮ್ಮೆಯಿಂದ. "ಮದುವೆಗೆ ಮನೆಗೊಬ್ಬರು. ಮಣ್ಣಿಗೆ ಮನೆಗೊಬ್ಬರು. ಕಾಲುವೆಯ ಹೂಳು ತೆಗೆಯಲು ಮನೆಗೊಬ್ಬರು. ಪಂಚಾಯ್ತಿಯವರು ಸಭೆ ಕರೆದರೆ ಮನೆಗೊಬ್ಬರು. ಯಾರಿಗೆ ಬಿಡುವಿದೆಯೋ ಅವರು. ನಮ್ಮ ವ್ಯಾನು ಊರಿಗೆ ಬಂದರೂ ಅಷ್ಟೇ, ಮನೆ..."

ಮಾತು ಅಲ್ಲಿಗೇ ನಿಂತಿತು. ಕೈಯಲ್ಲಿದ್ದ ಆಲೂಗಡ್ಡೆಯ ಚಮಚ ಕೂಡ ನಿಂತಿತು.

ನಾವು ಚೀಟಿ ಕೊಟ್ಟದ್ದು ರೇಷನ್ ಕಾರ್ಡು ನೋಡಿ. ಮೊದಲ ಸುತ್ತಿನಲ್ಲಿ ಬಂದವರ ಹೆಸರು, ವಯಸ್ಸು ಬರೆದುಕೊಂಡು ಒಂದು ನಂಬರು ಕೊಟ್ಟೆವು. ಎರಡನೆಯ ಸುತ್ತಿನಲ್ಲಿ ಆ ಚೀಟಿ ತಂದರೆ ಸಾಕು, ಮತ್ತೆ ಹೆಸರು ಕೇಳಿ ಅವರ ಹೊತ್ತು ಕಳೆಯುವುದೇಕೆ ಎಂದು ನಂಬರು ಬರೆದು ಬಾಯಿ ನೋಡಿ ಕಳಿಸಿದೆವು. ಚೀಟಿ ತಂದವರು ಯಾರು? ಬಿಡುವಿದ್ದವರು. ಮೊದಲ ಸಲ ಅಪ್ಪ ಬಂದಿದ್ದರೆ ಎರಡನೆಯ ಸಲ ಮಗ. ಅಣ್ಣನ ಮಚ್ಚೆ, ತಮ್ಮನ ಚೊಕ್ಕ ಬಾಯಿ. ಎರಡಕ್ಕೂ ಒಂದೇ ನಂಬರು. ನಡುವಿನ ಕತ್ತಲಲ್ಲಿ ಏನಾಯಿತೆಂದು ಐನೋ ಅವರ ಕಂಪ್ಯೂಟರ್ ಸಾವಿರಾರು ಊಹೆ ಮಾಡಿತ್ತು. ಬಾಯಿಯೇ ಬದಲಾಗಿರಬಹುದು ಎಂಬ ಊಹೆ ಅದಕ್ಕೆ ಬರುವಂತಿರಲಿಲ್ಲ. ಒಂದು ನಂಬರಿಗೆ ಒಬ್ಬನೇ ಮನುಷ್ಯ ಎಂದು ನಂಬುವ ದೇಶದಲ್ಲಿ ಹುಟ್ಟಿದ ಕಂಪ್ಯೂಟರ್ ಅದು.

"ಒಂದು ಫೋನು ಮಾಡಬೇಕು," ಎಂದು ಎದ್ದೆ.

ಅಂಗಳದಲ್ಲಿ ಇನ್ನೂ ಬಿಸಿಲು ಜೋರಾಗಿತ್ತು. ನ್ಯಾಮತಿಯಲ್ಲಿ ಅಂಗಡಿ ಮುಚ್ಚುವ ಹೊತ್ತು. ಫೋನು ಎತ್ತಿದ್ದು ಗಿರಿಜತ್ತೆ, ಮಾವನ ಹೆಂಡತಿ.

"ಅತ್ತೆ, ಎರಡನೇ ಸಲ ವ್ಯಾನ್ ಬಂದಾಗ ಬಾಯಿ ತೋರಿಸೋಕೆ ಹೋಗಿದ್ದು ಯಾರು?"

"ಯಾಕ ಗಂಗಾ, ನಾನೇ ಹೋಗಿದ್ದೆ. ಅವತ್ತು ಅಂಗಡಿಗೆ ಗೊಬ್ಬರದ ಲೋಡ್ ಬಂದಿತ್ತು, ನಿಮ್ಮಾವಂಗೆ ಎಲ್ಲಿ ಬಿಡುವು ಇರ್ತೈತಿ? ಮನೇಲಿಂದ ಯಾರಾರ ಹೋಗ್ಲೇಬೇಕಲ್ಲ, ಇಲ್ದಿದ್ರೆ ನೀನೇ ಬೇಜಾರ್ ಮಾಡ್ಕಂತಿದ್ದಿ."

"ಮಾವ ಆಮೇಲೆ ಯಾರಿಗೂ ತೋರಿಸಿಲ್ವಾ?"

"ಮತ್ಯಾಕೆ ತೋರ್ಸಾದು? ಏನೂ ಇಲ್ಲ ಅಂದ್ರಲ್ಲ."

ನಾನು ಅಂಗಳದ ಬೆಂಚಿನ ಮೇಲೆ ಕೂತುಬಿಟ್ಟೆ. ಮಾವನ ಕೆನ್ನೆಯ ಆ ಮಚ್ಚೆಯನ್ನು ಮೊದಲ ಸುತ್ತಿನ ನಂತರ ಯಾರೂ ನೋಡಿಲ್ಲ. ಅದು ಈಗ ಹೇಗಿದೆಯೋ, ಏನಾಗಿದೆಯೋ. ಅದನ್ನು ಹೊತ್ತ ಮನುಷ್ಯ, ತನಗೇನೂ ಇಲ್ಲವೆಂದು ನಂಬಿ ಗೊಬ್ಬರ ತೂಗುತ್ತ ಎಲೆ ಮಡಚಿ ಹಾಕಿಕೊಳ್ಳುತ್ತಿದ್ದಾರೆ. ಭಯವೆಂದರೆ ಏನೆಂದು ನನಗೆ ಆ ಬೆಂಚಿನ ಮೇಲೆ ಸರಿಯಾಗಿ ತಿಳಿಯಿತು. ಅವರೊಬ್ಬರೇ ಅಲ್ಲ, ಮೂರು ತಾಲ್ಲೂಕಿನಲ್ಲಿ ವಾಸಿಯಾದವರೆಂದು ನಾವು ಸಂಭ್ರಮಪಟ್ಟ ಎಷ್ಟು ಜನ ಹೀಗಿದ್ದಾರೋ. ಮೂರು ವರ್ಷ ಅವರ ಕಡೆ ತಿರುಗಿ ನೋಡುವುದು ಬೇಡ ಎಂದು ನಾನೇ ಸೋಮವಾರ ಹೇಳುವವಳಿದ್ದೆ.

ಐನೋ ಹೊರಗೆ ಬಂದು ಪಕ್ಕದಲ್ಲಿ ಕೂತರು. ಎಲ್ಲ ಹೇಳಿದೆ. ಅವರು ಒಳಗೆ ಹೋಗಿ ತಿಪ್ಪೇಸ್ವಾಮಿಯವರ ತಟ್ಟೆಯ ಊಟವನ್ನು ಒಂದು ಡಬ್ಬಿಗೆ ಹಾಕಿ, ಅವರ ಹೆಸರಿನ ಕಾಗದವನ್ನು ಮೇಲೆ ಅಂಟಿಸಿ ನನ್ನ ಕೈಗೆ ಕೊಟ್ಟು, "ನಾಳೆ ಭಾನುವಾರ. ನಾನು ಆಫೀಸಿನ ಬೀಗ ತೆಗೆಯುತ್ತೇನೆ," ಎಂದರು. ಆ ದೇಶದಲ್ಲಿ ಭಾನುವಾರ ಆಫೀಸಿನ ಬೀಗ ತೆಗೆಯುತ್ತೇನೆ ಎನ್ನುವುದು ಕಣ್ಣೀರಿಗಿಂತ ದೊಡ್ಡದು.

ಮತ್ತೆ ಐನೋ ಅವರ ಕೋಣೆ

ವಿಷಯ ಕೇಳಿ ತಿಪ್ಪೇಸ್ವಾಮಿಯವರು ಹಾಸಿಗೆಯಲ್ಲಿ ಎದ್ದು ಕೂತರು.

"ಹೌದಲ್ರೀ. ಜಗಳೂರಾಗೂ ಹಂಗೇ ಬಂದಿದ್ರು. ಗಂಡನ ಚೀಟಿ ಹಿಡ್ಕಂಡು ಹೆಂಡ್ತಿ, ಅಣ್ಣನ ಚೀಟಿ ಹಿಡ್ಕಂಡು ತಮ್ಮ. ಎಲ್ರೂ ಗುರ್ತಿನ ಮಂದಿ ನಂಗೆ. ಬೈದು ವಾಪಸ್ ಕಳ್ಸಿ, ಯಾರ್ ಬಾಯಿ ಐತೋ ಅವ್ರನ್ನೇ ಕರ್ಸಿದೆ."

"ಅದನ್ನ ನನಗೆ ಯಾಕೆ ಹೇಳಲಿಲ್ಲ ಡಾಕ್ಟ್ರೇ?"

"ಇದೂ ಒಂದ್ ಹೇಳಾ ವಿಷ್ಯ ಏನ್ರೀ? ನಮ್ ಮಂದಿ ಹಂಗೇ ಅಲ್ವಾ?"

ಅವರ ಮೇಲೆ ಸಿಟ್ಟು ಮಾಡಲು ನನಗೆ ಮುಖವಿರಲಿಲ್ಲ. ನಾನೂ ಅದೇ ಮಂದಿಯವಳು, ನನಗೂ ಹೊಳೆದಿರಲಿಲ್ಲ. ಅವರು ಮೆಲ್ಲಗೆ ಕೇಳಿದರು, "ಅಂದ್ರೆ... ಜಗಳೂರಿನ ಲೆಕ್ಕ ಒಂದೇ ಸರಿ ಐತಿ ಅಂದಂಗಾತು?" ಆ ಕ್ಷಣಕ್ಕೆ ಅವರ ನೆಗಡಿ ಬಿಟ್ಟಿತು.

ಭಾನುವಾರ ಮೂವರೂ ಕೂತು ನಂಬಬಹುದಾದ ಬಾಯಿಗಳನ್ನು ಮಾತ್ರ ಇಟ್ಟುಕೊಂಡು ಲೆಕ್ಕ ಹಾಕಿದೆವು. ಮಿಕ್ಕ ಮೂರು ತಾಲ್ಲೂಕಿನ ಎರಡನೆಯ ಸುತ್ತಿಗೆ, ಯಾರೋ ಬಂದಿದ್ದರು, ಯಾರೆಂದು ಗೊತ್ತಿಲ್ಲ ಎಂದು ಗುರುತು ಹಾಕಿದೆವು. ಕಂಪ್ಯೂಟರಿಗೆ ಒಂದು ಹೊಸ ಊಹೆಯನ್ನೂ ಐನೋ ಕಲಿಸಿದರು. ಅವರ ಫಿನ್ನಿಶ್ ಟಿಪ್ಪಣಿಯ ನಡುವೆ 'ಮನೆಗೊಬ್ಬರು' ಎಂಬ ನಮ್ಮ ಪದ ಇಂಗ್ಲಿಷ್ ಅಕ್ಷರದಲ್ಲಿ ಕೂತಿತ್ತು. ಸಂಜೆಗೆ ಉತ್ತರ ಬಂತು: ಮುಂದಿನ ವರ್ಷವೇ ಬರಬೇಕು, ಮಚ್ಚೆ ಕಂಡವರನ್ನು ಅದಕ್ಕೂ ಮುಂಚೆ ಹುಡುಕಿಕೊಂಡು ಹೋಗಬೇಕು. ಸೋಮವಾರ ನಾನು ಸಮಿತಿಗೆ ಹೇಳಿದ್ದು ಅದನ್ನೇ. ನಮ್ಮ ದೊಡ್ಡ ಪ್ರಬಂಧ ಕೈತಪ್ಪಿತು. ಐನೋ ಅದಕ್ಕೆ ಒಂದು ಸಾಲ್ಮಿಯಾಕ್ಕಿ ಬಾಯಿಗೆ ಹಾಕಿಕೊಂಡರು, ಅಷ್ಟೇ.

ನ್ಯಾಮತಿ

ಬೆಂಗಳೂರಿನಲ್ಲಿ ಇಳಿದವರು ಮನೆಗೆ ಹೋಗಲಿಲ್ಲ. ತಿಪ್ಪೇಸ್ವಾಮಿಯವರೂ ಜೊತೆಗೆ ಬಂದರು, ನಾನು ಕೇಳಲೂ ಇಲ್ಲ. ಅಂಗಡಿಯಲ್ಲಿ ಗೊಬ್ಬರದ ಚೀಲಗಳ ನಡುವೆ ಮಾವ ಎಲೆ ಮಡಚುತ್ತ ಕೂತಿದ್ದರು.

"ಬಾರವ್ವ, ಫಾರಿನ್ನಿಂದ ಏನ್ ತಂದೆ?"

"ಬಾಯಿ ತೆಗೀರಿ ಮಾವ."

"ನಮ್ಮನೇದು ಏನೂ ಇಲ್ಲ ಅಂದಿದ್ರಲ್ಲ, ಮತ್ಯಾಕೆ?"

ತಿಪ್ಪೇಸ್ವಾಮಿಯವರು ಅಂಗಡಿಯ ಬೆಳಕಿನ ಕಡೆಗೆ ಅವರನ್ನು ತಿರುಗಿಸಿ, ಟಾರ್ಚ್ ಬಿಟ್ಟು, ಕೆನ್ನೆ ಸರಿಸಿ ನೋಡಿದರು. ಆಮೇಲೆ ಮಾವನ ಕೈಯಲ್ಲಿದ್ದ ಎಲೆಯನ್ನು ತೆಗೆದು ಕೆಳಗಿಟ್ಟು, "ನಾಳೆ ದಾವಣಗೆರಿಗೆ ಬರ್ರಿ ಯಜಮಾನ್ರೆ. ಲೋಡ್ ಬಂದ್ರೂ ಬರ್ರಿ, ಬರ್ದಿದ್ರೂ ಬರ್ರಿ. ನೀವೇ ಬರ್ರಿ," ಎಂದರು.

ದಾವಣಗೆರೆಯ ಆಸ್ಪತ್ರೆ

ಮಚ್ಚೆ ಕ್ಯಾನ್ಸರಿಗೆ ತಿರುಗತೊಡಗಿತ್ತು. ಚೂರು ತೆಗೆದು ಪರೀಕ್ಷೆ ಮಾಡಿಸಿದರು, ಆಮೇಲೆ ಆಪರೇಷನ್ ಆಯಿತು. ಕೆನ್ನೆಯ ಒಳಗಿನ ಆ ಭಾಗವನ್ನು ಸುತ್ತಲಿನ ಸ್ವಲ್ಪದರ ಜೊತೆಗೆ ಕತ್ತರಿಸಿ ತೆಗೆದರು. ಆಪರೇಷನ್ ಮಾಡಿದ ಡಾಕ್ಟರು ಹೊರಗೆ ಬಂದು, ಇನ್ನೂ ಆಳಕ್ಕೆ ಇಳಿದಿರಲಿಲ್ಲ, ಈಗಲೇ ಕರೆತಂದದ್ದು ಒಳ್ಳೆಯದಾಯಿತು, ಇನ್ನೆರಡು ವರ್ಷ ಬಿಟ್ಟಿದ್ದರೆ ನಾವು ಬೇರೆ ಮಾತಾಡಬೇಕಿತ್ತು ಎಂದರು. ಮೂರು ವರ್ಷ ಬಿಟ್ಟರೆ ಸಾಕೆಂದು ಹೇಳಲಿದ್ದವಳು ನಾನು. ಗೋಡೆಗೆ ಒರಗಿ ಅತ್ತುಬಿಟ್ಟೆ, ಅಷ್ಟು ಜನರ ಎದುರಿಗೇ.

ಗಿರಿಜತ್ತೆ ನನ್ನ ಕಣ್ಣು ಒರೆಸಿದರು. ತಮ್ಮ ಕಣ್ಣನ್ನೂ ಅದೇ ಸೆರಗಿನಲ್ಲಿ ಒರೆಸಿಕೊಂಡರು. ಮಾವ ಎಲೆ ಮಡಚಿ ಕೊಟ್ಟದ್ದನ್ನು ನಲವತ್ತು ವರ್ಷ ಪಕ್ಕದಲ್ಲೇ ಕೂತು ಹಾಕಿಕೊಂಡು ಬಂದ ಹೆಂಗಸು ಅವರು. ವ್ಯಾನಿನಲ್ಲಿ ಬಾಯಿ ತೋರಿಸಿ ಅವರಿಗೂ ಎರಡು ವರ್ಷವಾಗಿತ್ತು.

"ತಿಪ್ಪೇಸ್ವಾಮಿ ಡಾಕ್ಟ್ರು ಕಾಯ್ತಿದಾರೆ ಅತ್ತೆ. ಈಗ ನೀವು ತೋರಿಸಬೇಕು," ಎಂದೆ.

ಅತ್ತೆ ಒಳಗೆ ಮಲಗಿದ್ದ ಮಾವನ ಕಡೆ ಒಮ್ಮೆ ನೋಡಿ, ಬಹಳ ದಿನಗಳ ನಂತರ ಹಗುರವಾಗಿ ನಕ್ಕರು. "ನಂದ್ಯಾಕ ಬಿಡವ್ವ. ಅವ್ರು ಇಷ್ಟೆಲ್ಲಾ ಅನುಭವ್ಸಿದ್ರಲ್ಲ, ನಮ್ಮನೇದು ಮುಗೀತು."

ನಾನು ಅವರ ಕೈ ಹಿಡಿದು ತಿಪ್ಪೇಸ್ವಾಮಿಯವರ ಟಾರ್ಚಿನ ಎದುರು ಕೂರಿಸಿದೆ.